ಕಾರ್ಯದರ್ಶಿಗಳ ಸಂಪಿಗೆ ಗಿಡ

ನಮ್ಮ ಶಾಲೆಯಲ್ಲಿ ಸಂಶೋಧನೆ ಶುರುವಾದದ್ದು ಒಂದು ಸೋಮವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿದ ಮೇಲೆ. ಅದರ ಹಿಂದಿನ ವಾರದವರೆಗೆ ಅಂಥ ಅಪಾಯವೇನೂ ಇರಲಿಲ್ಲ. ಮಗು ಎದ್ದು ನಿಂತು ಏನಾದರೂ ಕೇಳಿದರೆ, "ಇದು ಎಕ್ಸಾಮಿಗೆ ಬರಲ್ಲ, ಕೂತ್ಕೋ" ಎನ್ನುವ ಪದ್ಧತಿ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು. ಆದರೆ ಶನಿವಾರ ನಮ್ಮ ಶಾಲಾ ಕಮಿಟಿಯ ಕಾರ್ಯದರ್ಶಿಗಳು ಯಾವುದೋ ಸಭೆಗೆ ಹೋಗಿ ಬಂದರು. ಶಾಲಾ ಮಕ್ಕಳಲ್ಲಿ ಪರಿಸರಕ್ಕೆ ನೆರವಾಗುವ ಸಂಶೋಧನೆಯನ್ನೂ ನಾವೀನ್ಯತೆಯನ್ನೂ ಬೆಳೆಸಬೇಕೆಂದು ಅಲ್ಲಿ ಯಾರೋ ಭಾಷಣ ಮಾಡಿದ್ದರಂತೆ, ಊಟವೂ ಚೆನ್ನಾಗಿತ್ತಂತೆ. ಸೋಮವಾರ ಅವರು ಮೈಕ್ ಹಿಡಿದು, "ಇವತ್ತಿಂದ ಎಲ್ರೂ ಇನೊವೇಷನ್ ಮಾಡ್ಬೇಕು. ಮಾಡ್ದೇ ಇದ್ದೋರ ಪೇರೆಂಟ್ಸ್‌ನ ಕರೆಸ್ತೀನಿ" ಎಂದರು. ಹೀಗೆ ನಮ್ಮ ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಮೂಡಿತು.

ನಾನು ಆ ಶಾಲೆಯ ವಿಜ್ಞಾನದ ಟೀಚರು. ಮೂಡಲಪಾಳ್ಯದ ಒಳರಸ್ತೆಯೊಂದರಲ್ಲಿ, ಎರಡು ಮನೆಗಳ ನಡುವೆ ಮೂರನೆಯ ಮನೆಯಂತೆ ಎದ್ದಿರುವ ಹೈಸ್ಕೂಲು. ಕಾರ್ಯದರ್ಶಿಗಳ ತಂದೆಯ ಕಾಲದಲ್ಲಿ ಅಲ್ಲಿ ರಾಗಿ ಹೊಲವಿತ್ತು. ಈಗ ಹೊಲ ಇದ್ದುದಕ್ಕೆ ಸಾಕ್ಷಿಯಾಗಿ ಒಂದು ಹಿಡಿ ಮಣ್ಣೂ ಕಾಣದ ಹಾಗೆ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿದ್ದಾರೆ. ಮಳೆ ಬಂದರೆ ಮಕ್ಕಳ ಬಿಳಿ ಶೂ ಕೊಳೆಯಾಗಬಾರದಲ್ಲ. ಆ ಸಿಮೆಂಟಿನ ಅಂಗಳದ ಗೋಡೆಗೇ 'ಮಳೆ ನೀರು ಇಂಗಿಸಿ' ಎಂಬ ದೊಡ್ಡ ಚಿತ್ರ ಬರೆಸಿದ್ದಾರೆ. ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಒಂದು ಗುಂಡಿ ಬಿಟ್ಟಿದ್ದಾರೆ. ಅದರ ಸುತ್ತ ಎದೆಯೆತ್ತರದ ಕಬ್ಬಿಣದ ಜಾಲರಿ, ಜಾಲರಿಯ ನಡುವೆ ಒಂದು ಸಂಪಿಗೆ ಗಿಡ. ಗಿಡ ಎಂದದ್ದು ಅಭ್ಯಾಸಬಲದಿಂದ. ಜೂನ್ ತಿಂಗಳಲ್ಲಿ ಅದು ಗಿಡ, ದಸರಾ ಹೊತ್ತಿಗೆ ಕಡ್ಡಿ.

ಪ್ರತಿ ವರ್ಷ ಪರಿಸರ ದಿನದಂದು ಒಬ್ಬ ಮುಖ್ಯ ಅತಿಥಿ ಬಂದು ಆ ಗುಂಡಿಯಲ್ಲಿ ಸಂಪಿಗೆ ನೆಡುತ್ತಾರೆ. ಫೋಟೋ ತೆಗೆಯುತ್ತಾರೆ. ಕಾರ್ಯದರ್ಶಿಗಳು ಭಾಷಣದಲ್ಲಿ, "ಬೇರೆ ಸ್ಕೂಲುಗಳ ಥರ ನಾವು ನೆಟ್ಟು ಮರೆಯೋರಲ್ಲ, ನಾನೇ ಕೈಯಾರ ದಿನಾ ನೀರು ಹಾಕ್ತೀನಿ" ಎನ್ನುತ್ತಾರೆ. ಇದು ಸುಳ್ಳಲ್ಲ. ಮನುಷ್ಯ ಒಳ್ಳೆಯವರು, ಶಾಲೆಗೆ ಎಲ್ಲರಿಗಿಂತ ಮೊದಲು ಬರುವವರು. ಬಂದವರೇ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಬಾಯಲ್ಲೇನೋ ಹೇಳಿಕೊಳ್ಳುತ್ತ ಜಾಲರಿಯೊಳಕ್ಕೆ ಕೈಯಿಟ್ಟು ಗಿಡದ ಬುಡಕ್ಕೆ ನೀರು ಹೊಯ್ಯುವುದನ್ನು, ಬೇಗ ಬಂದ ದಿನಗಳಲ್ಲಿ, ನಾನೇ ದೂರದಿಂದ ನೋಡಿದ್ದೇನೆ. ಆದರೂ ಗಿಡ ಮೊದಲು ಎಲೆಯಂಚಿನಲ್ಲಿ ಹಪ್ಪಳದ ಹಾಗೆ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಎಲೆ ಉದುರಿಸುತ್ತದೆ, ಆಮೇಲೆ ಸಾಯುತ್ತದೆ. ನರ್ಸರಿಯವನು ಮೋಸ ಮಾಡಿದ ಎಂದು ಒಂದು ವರ್ಷ, ಪಕ್ಕದ ಬಿಲ್ಡಿಂಗಿನ ನೆರಳು ಎಂದು ಇನ್ನೊಂದು ವರ್ಷ ತೀರ್ಮಾನವಾಯಿತು. ಕೊನೆಗೆ ಕಾರ್ಯದರ್ಶಿಗಳೇ ನಿಜವಾದ ಕಾರಣ ಪತ್ತೆ ಮಾಡಿದರು. ನಮ್ಮ ಶಾಲೆಯ ಮೇಲೆ ಜನರ ಕಣ್ಣು ಬಿದ್ದಿದೆ.

ದೃಷ್ಟಿಗೆ ನಮ್ಮ ಕಡೆ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ವಿಜಯನಗರದಿಂದ ಇಲ್ಲಿಗೆ ಬರುವ ದಾರಿಯಲ್ಲಿ ಯಾವ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ನೋಡಿದರೂ ಗಾಜಿನ ಲೋಟದ ನೀರಿನಲ್ಲಿ ಒಂದು ನಿಂಬೆಹಣ್ಣು ತೇಲುತ್ತಿರುತ್ತದೆ. ನಮ್ಮದು ವಿದ್ಯಾಸಂಸ್ಥೆಯಾದ್ದರಿಂದ ಲೋಟ ಸಾಲದು, ಮೊದಲ ಸಂಪಿಗೆ ನೆಡುವ ಮುಂಚಿನಿಂದಲೂ ದೊಡ್ಡ ಗಾಜಿನ ಬೋಗುಣಿಯೇ ಇದೆ. ಅದರಲ್ಲಿ ನೀರು, ನಿಂಬೆಹಣ್ಣು, ಮೇಲೆ ಕಾರ್ಯದರ್ಶಿಗಳ ಮುಷ್ಟಿ ತುಂಬ ಕಲ್ಲುಪ್ಪು. ಹಗಲೆಲ್ಲ ಆಫೀಸಿನ ಮೇಜಿನ ಮೇಲಿದ್ದು ಬಂದು ಹೋಗುವವರ ಕೆಟ್ಟ ಕಣ್ಣನ್ನೆಲ್ಲ ಅದು ಹೀರಿಕೊಳ್ಳಬೇಕು. ಮಾರನೆಯ ದಿನ ಹೊಸ ನೀರು. ಹಳೆಯ ನೀರನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ, ಯಾರೂ ತುಳಿಯದ ಕಡೆ ಹಾಕಬೇಕು. ಅಷ್ಟು ಮಕ್ಕಳು ಓಡಾಡುವ, ಪೂರ್ತಿ ಸಿಮೆಂಟಾದ ಅಂಗಳದಲ್ಲಿ ಯಾರೂ ತುಳಿಯದ ಕಡೆ ಯಾವುದು?

ಹೌದು, ಅಲ್ಲಿಗೇ. ಗಿಡವನ್ನು ಕಾಪಾಡಲೆಂದು ಹಾಕಿಸಿದ ಜಾಲರಿಯೊಳಕ್ಕೆ.

ಇಷ್ಟು ಸರಳವಾದ ವಿಷಯ ಇಡೀ ಸ್ಟಾಫ್ ರೂಮಿಗೆ ಹೊಳೆದಿರಲಿಲ್ಲ. ಹಿರಿಯರೊಬ್ಬರು ಭಕ್ತಿಯಿಂದ ಗಿಡಕ್ಕೆ ನೀರು ಹಾಕುತ್ತಿದ್ದರೆ ಹೋಗಿ ನೆಕ್ಕಿ ನೋಡುವುದಕ್ಕೆ ನಮಗೇನು ಹುಚ್ಚೇ?

ಹೊಳೆದದ್ದು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಗೆ. ಅವಳ ತಂದೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ನಡೆಸುವವರು. ಮೊದಲ ಶಿಫ್ಟಿಗೆ ಹೋಗುವಾಗ ಮಗಳನ್ನು ಸ್ಕೂಟರಿನಲ್ಲಿ ಗೇಟಿನ ಹತ್ತಿರ ಇಳಿಸಿ ಹೋಗುತ್ತಿದ್ದುದರಿಂದ, ಆಫೀಸಿನ ಬೋಗುಣಿ ಜಾಲರಿಯವರೆಗೆ ಹೋಗುವುದಕ್ಕೆ ಕಾರ್ಯದರ್ಶಿಗಳನ್ನು ಬಿಟ್ಟರೆ ದಿನದಿನವೂ ಅವಳೊಬ್ಬಳೇ ಸಾಕ್ಷಿ. ನಮ್ಮ ಭಾಷೆಯಲ್ಲಿ ಅವಳು 'ಆವರೇಜ್'. ಈ ಪದವನ್ನು ಒಂದು ಸಲ ಅಂಟಿಸಿದರೆ ಆಮೇಲೆ ಆ ಮಗುವಿನ ಮುಖ ನೋಡುವ ಕೆಲಸ ತಪ್ಪುತ್ತದೆ. ಡ್ಯಾನ್ಸಿಗೆ, ಕ್ವಿಜ್‌ಗೆ, ಕೊನೆಗೆ ಅತಿಥಿಗಳಿಗೆ ಹೂಗುಚ್ಛ ಕೊಡುವುದಕ್ಕೂ ಅವಳನ್ನು ಯಾರೂ ಆರಿಸಿರಲಿಲ್ಲ.

ಇನೊವೇಷನ್ ಘೋಷಣೆಯಾದ ವಾರ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು. "ಮಿಸ್, ಜಿಲ್ಲಾ ಮಟ್ಟದ ಎಗ್ಸಿಬಿಷನ್ನಿಗೆ ನಮ್ ಸ್ಕೂಲಿಂದ ಒಂದೇ ಪ್ರಾಜೆಕ್ಟ್ ಕಳ್ಸೋದಾ?"

"ಹೂಂ, ಒಂದೇ. ಯಾಕೆ?"

"ನನಗೆ ಹೋಗ್ಬೇಕು ಮಿಸ್. ಮುಂದಿನ ವರ್ಷ ಟೆಂತು, ಯಾವುದಕ್ಕೂ ಬಿಡಲ್ಲ. ಇದೇ ಲಾಸ್ಟು."

"ಏನ್ ಮಾಡ್ತೀಯಾ?"

"ನಮ್ ಸಂಪಿಗೆ ಗಿಡ ಯಾಕ್ ಸಾಯತ್ತೆ ಅಂತ."

ನನಗೆ ನಗು ಬಂತು. ಪರಿಸರ ಎಂದರೆ ಅಮೆಜಾನ್ ಕಾಡು, ಹಿಮಕರಡಿ, ಓಜೋನ್ ಪದರ. ನಮ್ಮ ಶಾಲೆಯ ಮೂಲೆಯ ಕಡ್ಡಿಯೂ ಪರಿಸರದಲ್ಲಿ ಸೇರುತ್ತದೆಂದು ಪಠ್ಯಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ ಮಾಡು ಎಂದೆ.

ಉಳಿದ ಮಕ್ಕಳ ಸಂಶೋಧನೆಯೂ ಭರದಿಂದ ಸಾಗಿತ್ತು. ಡಾ. ರಾಜ್‌ಕುಮಾರ್ ರಸ್ತೆಯ ಆಸುಪಾಸಿನ ಒಂದು ಅಂಗಡಿಯಲ್ಲಿ ಸಂಶೋಧನೆಗಳು ಸಿದ್ಧವಾಗಿ ಸಿಗುತ್ತವೆ. ಅಪ್ಪಂದಿರು ಭಾನುವಾರ ಹೋಗಿ ತಂದರು. ಥರ್ಮಕೋಲಿನ ಕಾಡು, ಥರ್ಮಕೋಲಿನ ಕೆರೆ, 'ಪ್ಲಾಸ್ಟಿಕ್ ತ್ಯಜಿಸಿ' ಎಂಬ ಥರ್ಮಕೋಲಿನ ಅಕ್ಷರ. ಇವುಗಳ ನಡುವೆ ಎಲ್ಲರ ಕಣ್ಣು ಕುಕ್ಕಿದ್ದು ಕಮಿಟಿ ಸದಸ್ಯರೊಬ್ಬರ ಮಗನ ಸ್ಮಾರ್ಟ್ ಕಸದ ಡಬ್ಬಿ. ಕೈ ಹತ್ತಿರ ತಂದರೆ ಮುಚ್ಚಳ ತಾನೇ ತೆರೆದು, ಕಸ ಬಿದ್ದ ಮೇಲೆ "ಥ್ಯಾಂಕ್ ಯೂ" ಎನ್ನುತ್ತಿತ್ತು. ಹುಡುಗ ಪಾಪ ಒಳ್ಳೆಯವನೇ. "ಹೇಗೋ ಕೆಲಸ ಮಾಡತ್ತೆ ಇದು?" ಎಂದು ಕೇಳಿದರೆ, "ಸ್ವಿಚ್ ಹಾಕಿದ್ರೆ ಮಾಡತ್ತೆ ಮಿಸ್" ಎಂದು ಪ್ರಾಮಾಣಿಕವಾಗಿ ಹೇಳಿದ.

ಹುಡುಗಿ ಅಂಗಡಿಗೆ ಹೋಗಲಿಲ್ಲ. ಐಸ್‌ಕ್ರೀಮಿನ ಮೂರು ಖಾಲಿ ಡಬ್ಬಿಗಳಲ್ಲಿ ಮಣ್ಣು ತುಂಬಿ ಹೆಸರುಕಾಳು ಬಿತ್ತಿದಳು. ಮೂರರಲ್ಲೂ ಸಸಿ ಒಂದೇ ಎತ್ತರ ಬಂದ ಮೇಲೆ ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಕಾರ್ಯದರ್ಶಿಗಳ ಬೋಗುಣಿಯ ನೀರು ಹಾಕತೊಡಗಿದಳು. ಆ ನೀರನ್ನು, "ಸಾರ್, ಪ್ರಾಜೆಕ್ಟಿಗೆ ಸ್ವಲ್ಪ ಬೇಕು" ಎಂದು ಅವರನ್ನೇ ಕೇಳಿ ಬಾಟಲಿಯಲ್ಲಿ ಹಿಡಿದುಕೊಂಡಿದ್ದಳು. ಅವರು ಸಂತೋಷದಿಂದಲೇ ಕೊಟ್ಟಿದ್ದರು. ನಲ್ಲಿ ನೀರಿನ ಸಸಿ ಚಿಗುರಿತು, ಬೋಗುಣಿ ನೀರಿನದು ಬಾಡಿ ಮಲಗಿತು. ಮೂರನೆಯ ಡಬ್ಬಿ ಯಾಕೆ ಎಂದು ನಾನು ಕೇಳಿದೆ.

"ಅದಕ್ಕೆ ನಮ್ಮನೆ ಅಡುಗೆಮನೆ ಉಪ್ಪು ಹಾಕಿದ ನೀರು ಮಿಸ್. ಅದನ್ನ ಯಾವ ಆಫೀಸಲ್ಲೂ ಇಟ್ಟಿಲ್ಲ, ಯಾರಿಗೂ ತೋರ್ಸಿಲ್ಲ. ಮುಚ್ಚಿಟ್ಟಿದ್ದೆ. ಅದೂ ಸತ್ತೋಯ್ತು."

ನಾನು ಆ ಡಬ್ಬಿಯನ್ನೂ ಅವಳ ಮುಖವನ್ನೂ ನೋಡುತ್ತ ನಿಂತೆ. ಬಿ.ಎಡ್.ನಲ್ಲಿ ನಿಯಂತ್ರಿತ ಪ್ರಯೋಗ ಎಂದು ಒಂದಿಡೀ ಅಧ್ಯಾಯ ಉರು ಹೊಡೆದಿದ್ದೆ. ಅದು ನಡೆದದ್ದನ್ನು ಕಣ್ಣಾರೆ ಕಂಡದ್ದು ಅವತ್ತೇ. ಈ ವರ್ಷ ಹೋಗುವುದು ಇದೇ, ಇದನ್ನು ಬಿಟ್ಟು ಬೇರೆಯದು ಹೋಗುವುದಾದರೆ ನನ್ನ ಹೆಣದ ಮೇಲೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೆಣವೇನೂ ಬೀಳಲಿಲ್ಲ, ಆ ಮಾತು ಬೇರೆ.

ಶಾಲೆಯ ಪ್ರದರ್ಶನದ ದಿನ ಕಾರ್ಯದರ್ಶಿಗಳು ಕಮಿಟಿಯವರೊಂದಿಗೆ ಒಂದೊಂದೇ ಮೇಜು ನೋಡುತ್ತ ಬಂದರು. ಕಸದ ಡಬ್ಬಿಗೆ ಎಲ್ಲರೂ ಕಾಗದ ಹಾಕಿ ಥ್ಯಾಂಕ್ಸ್ ಹೇಳಿಸಿಕೊಂಡರು. ಹಾಕಲು ಕಾಗದ ಸಾಲದೆ ಹೊಸ ಹಾಳೆಗಳನ್ನು ಹರಿದು ಹಾಕಿದರು. ಆಮೇಲೆ ಹುಡುಗಿಯ ಮೇಜು. ಅವಳು ಮೂರು ಡಬ್ಬಿ ತೋರಿಸಿ, ಉಪ್ಪು ಮಣ್ಣಿಗೆ ಸೇರಿದರೆ ಬೇರು ನೀರು ಎಳೆದುಕೊಳ್ಳಲಾರದು ಎಂದು ವಿವರಿಸಿ, "ಅದಕ್ಕೇ ಸಾರ್, ನಮ್ಮ ಗಿಡ ಸಾಯ್ತಿರೋದು ನೀವು ದಿನಾ ಹಾಕೋ ನೀರಿಂದ" ಎಂದು ಮುಗಿಸಿದಳು.

ಕಾರ್ಯದರ್ಶಿಗಳು ಒಣಗಿದ ಸಸಿಯನ್ನು ಬಗ್ಗಿ ನೋಡಿದರು. ಈಗ ಗುಡುಗುತ್ತಾರೆ ಎಂದುಕೊಂಡೆ. ಅವರ ಮುಖ ಅರಳಿತು.

"ಭೇಷ್! ನೋಡಿದ್ರಾ, ನೋಡಿದ್ರಾ ಎಂಥಾ ಪವರು!" ಎಂದು ಕಮಿಟಿಯವರತ್ತ ತಿರುಗಿದರು. "ನಮ್ ಸ್ಕೂಲ್ ಮೇಲೆ ಬಿದ್ದಿರೋ ಕಣ್ಣೆಲ್ಲ ಆ ನೀರೊಳಗೆ ಇಳಿದಿದೆ. ಅದನ್ನ ಕುಡ್ದು ಗಿಡ ಸತ್ತಿದೆ. ಗಿಡಾನೇ ಸಾಯೋ ಅಂಥ ದೃಷ್ಟಿ, ಮಕ್ಕಳಿಗೆ ತಾಗಿದ್ರೆ ಏನಾಗ್ತಿತ್ತು? ನಮ್ ಹಿರೀಕರು ಸುಮ್ನೆ ಮಾಡಿದ್ರಾ? ಇದು ಸೈನ್ಸು!"

ಕಮಿಟಿಯವರು ಚಪ್ಪಾಳೆ ತಟ್ಟಿದರು. ಹುಡುಗಿ ಮೂರನೆಯ ಡಬ್ಬಿಯನ್ನು ಮುಂದಕ್ಕೆ ಸರಿಸಿದಳು. "ಸಾರ್, ಇದು ಬರೀ ಮನೆ ಉಪ್ಪು. ಇದಕ್ಕೆ ಯಾರ ದೃಷ್ಟೀನೂ ಬಿದ್ದಿಲ್ಲ."

"ನಿಮ್ಮನೇಲೂ ಇರತ್ತೆ ಕಣಮ್ಮಾ ದೃಷ್ಟಿ," ಎಂದು ಅವರು ಕನಿಕರದಿಂದ ಹೇಳಿದರು. "ಅಮ್ಮನಿಗೆ ಹೇಳು, ಒಂದು ನಿಂಬೆಹಣ್ಣು ಇಡ್ಲಿ."

ನನ್ನ ಆಯುಷ್ಯದಲ್ಲಿ ಅಂಥ ಪಾಂಡಿತ್ಯವನ್ನು ಎದುರಿಸಿದ್ದಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು, ಹೊಗಳಿದವರ ಜೊತೆ ಜಗಳವಾಡುವುದು ಹೇಗೆ?

ಮಧ್ಯಾಹ್ನ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಬೋಗುಣಿಯಾಚೆಗೆ ಅವರು, ಈಚೆಗೆ ನಾವು. ಇದೇ ಪ್ರಾಜೆಕ್ಟ್ ಜಿಲ್ಲೆಗೆ ಹೋಗಲಿ ಎಂದರು. ಹುಡುಗಿಯ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ನೋಡಿದೆ. "ಕೊನೇಲಿ ಬರೆದಿದೀಯಲ್ಲ, ಉಪ್ಪಿಂದ ಅಂತ, ಅಲ್ಲಿ ಒಂದೇ ಒಂದು ಲೈನ್ ಚೇಂಜ್ ಮಾಡು. ಕೆಟ್ಟ ದೃಷ್ಟಿಯಿಂದ ಸತ್ತಿದ್ದು, ಅದನ್ನ ಉಪ್ಪುನೀರು ಹೀರ್ಕೊಳತ್ತೆ ಅಂತ ಪ್ರೂವ್ ಆಗಿದೆ ಅಂತ ಹಾಕು. ಫಸ್ಟ್ ಪ್ರೈಜ್ ಗ್ಯಾರಂಟಿ."

ನಾನು ಬಾಯಿ ತೆರೆದೆ. ಮಗುವಿನ ಕೈಯಲ್ಲಿ ಸುಳ್ಳು ಬರೆಸಬೇಡಿ ಸಾರ್ ಎಂದೆ. ಇನ್ನೂ ಏನೇನೋ ಹೇಳಿದೆ. ನನ್ನ ದನಿ ಸ್ಟಾಫ್ ರೂಮಿನವರೆಗೆ ಕೇಳಿಸಿತ್ತಂತೆ. ಅವರು ಸಮಾಧಾನದಿಂದ, "ನೀವು ಟೆನ್ಷನ್ ಮಾಡ್ಕೋಬೇಡಿ ಮಿಸ್, ನಿಮಗೂ ದೃಷ್ಟಿ ಆಗಿದೆ" ಎಂದರು. ಆಮೇಲೆ ಹುಡುಗಿಯತ್ತ ನೋಡಿ, "ಏನಮ್ಮಾ, ಹೋಗ್ಬೇಕಾ ಬೇಡ್ವಾ?" ಎಂದು ಕೇಳಿದರು.

ಅವಳಿಗೆ ಹೋಗಬೇಕಿತ್ತು. ಎಷ್ಟು ಹೋಗಬೇಕಿತ್ತೆಂದು ನನಗೆ ಗೊತ್ತಿತ್ತು. ಯೂನಿಫಾರ್ಮಿನ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದಳು.

"ಹೋಗ್ಬೇಕು ಸಾರ್," ಎಂದಳು. "ಆದ್ರೆ ಅದು ನಾನು ನೋಡಿದ್ದಲ್ಲ. ಅದನ್ನ ಹೇಗೆ ಬರೀಲಿ?"

ಹೀಗೆ ಜಿಲ್ಲಾ ಮಟ್ಟಕ್ಕೆ ಕಸದ ಡಬ್ಬಿ ಆಯ್ಕೆಯಾಯಿತು. ಕಾರ್ಯದರ್ಶಿಗಳು ದ್ವೇಷ ಸಾಧಿಸುವವರಲ್ಲವಾದ್ದರಿಂದ ಹುಡುಗಿಗೂ ಒಂದು ಅವಕಾಶ ಕೊಟ್ಟರು. ಪ್ರತಿ ತಂಡದಲ್ಲಿ ಇಬ್ಬರಿರಬೇಕಿತ್ತು. ಹುಡುಗ ವಿವರಿಸುವುದು, ಇವಳು ಕಾಗದ ಹಾಕುವುದು. ನನಗೆ ಮೈಯೆಲ್ಲ ಉರಿಯಿತು, ಬೇಡ ಅನ್ನು ಎಂದೆ. ಅವಳು ಮಾತ್ರ, "ಬರ್ತೀನಿ ಮಿಸ್, ಬೇರೆಯವರು ಏನ್ ಮಾಡಿದಾರೆ ನೋಡ್ಬೇಕು" ಎಂದಳು.

ಪ್ರದರ್ಶನ ನಡೆದದ್ದು ರಾಜಾಜಿನಗರದ ಒಂದು ದೊಡ್ಡ ಶಾಲೆಯಲ್ಲಿ. ನಾವು ಮೂವರೂ ಡಬ್ಬಿಯೂ ಆಟೋದಲ್ಲಿ ಹೋದೆವು. ಬಸವೇಶ್ವರನಗರ ದಾಟುವವರೆಗೆ ಹುಡುಗ ಪ್ರತಿ ಸಿಗ್ನಲ್ಲಿನಲ್ಲೂ ಪಕ್ಕದ ಬೈಕಿನವರಿಗೆ ಡಬ್ಬಿಯ ಗುಣ ತೋರಿಸಿದ. ಡಬ್ಬಿ ಪಶ್ಚಿಮ ಬೆಂಗಳೂರಿಗೆಲ್ಲ ಥ್ಯಾಂಕ್ಸ್ ಹೇಳಿತು. ಹಾಗಾಗಿ ತೀರ್ಪುಗಾರರು ನಮ್ಮ ಮೇಜಿಗೆ ಬಂದಾಗ ಅದರಲ್ಲಿ ಉಸಿರು ಉಳಿದಿರಲಿಲ್ಲ. ಹುಡುಗಿ ಕಾಗದ ಹಿಡಿದು ನಿಂತಳು. ಮುಚ್ಚಳ ತೆರೆಯಲಿಲ್ಲ. ಹುಡುಗ ಸ್ವಿಚ್ ಒತ್ತಿದ, ಡಬ್ಬಿಯ ತಲೆಗೆ ತಟ್ಟಿದ, ಕೊನೆಗೆ ಬ್ಯಾಟರಿ ಹುಡುಕಿಕೊಂಡು ಹೊರಗೆ ಓಡಿದ.

ತೀರ್ಪುಗಾರರು ಒಬ್ಬ ವಯಸ್ಸಾದ ಹೆಂಗಸು, ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾಯುತ್ತ ನಿಂತವರು ಹುಡುಗಿಯನ್ನು ಕೇಳಿದರು. "ಇದರಲ್ಲಿ ನಿನ್ನ ಕೆಲಸ ಏನಮ್ಮಾ?"

"ಕಾಗದ ಹಾಕೋದು ಮೇಡಂ."

"ಅಷ್ಟೇನಾ?"

"ಇದರಲ್ಲಿ ಅಷ್ಟೇ ಮೇಡಂ. ನಾನು ಮಾಡಿದ್ದು ಬೇರೆ."

"ಏನದು, ಹೇಳು."

ಹುಡುಗಿ ನನ್ನ ಮುಖ ನೋಡಿದಳು. ಹೇಳು ಎಂದು ತಲೆಯಾಡಿಸಿದೆ. ಚಾರ್ಟ್ ಇಲ್ಲ, ಡಬ್ಬಿಗಳಿಲ್ಲ. ಕೈಯಲ್ಲಿದ್ದ ಆ ಕಾಗದದ ಹಿಂದೆಯೇ ಮೂರು ವೃತ್ತ ಬರೆದು ಹೇಳತೊಡಗಿದಳು. ಆ ಹೆಂಗಸು ಮೊದಲು ನಿಂತು ಕೇಳಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಮುಗಿದ ಮೇಲೆ ಭೇಷ್ ಎನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಸರಿ, ನಾಳೆಯಿಂದ ಉಪ್ಪು ಹಾಕೋದು ನಿಲ್ಲಿಸಿದ್ರು ಅಂತ ಇಟ್ಕೋ. ಆ ಗುಂಡೀಲಿ ಇಷ್ಟು ವರ್ಷದ ಉಪ್ಪು ಇದೆಯಲ್ಲ. ಹೊಸ ಗಿಡ ನೆಟ್ರೆ ಬದುಕತ್ತಾ?"

"ಗೊತ್ತಿಲ್ಲ ಮೇಡಂ," ಎಂದಳು.

ಆ ಸಭಾಂಗಣದಲ್ಲಿ ಅವತ್ತು ಎಲ್ಲ ಮಕ್ಕಳಿಗೂ ಎಲ್ಲವೂ ಗೊತ್ತಿತ್ತು. ಪಕ್ಕದ ಮೇಜಿನಲ್ಲಿ ಜಾಗತಿಕ ತಾಪಮಾನ ಆಗಲೇ ಇಳಿದಾಗಿತ್ತು, ಅದರಾಚೆಗೆ ವೃಷಭಾವತಿ ಥರ್ಮಕೋಲಿನ ಮೇಲೆ ತಿಳಿಯಾಗಿ ಹರಿಯುತ್ತಿತ್ತು. ಗೊತ್ತಿಲ್ಲ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅದೊಂದೇ ಸಲ. ತೀರ್ಪುಗಾರರು ಎದ್ದು ಅವಳ ತಲೆ ನೇವರಿಸಿ ಮುಂದಿನ ಮೇಜಿಗೆ ಹೋದರು. ನೋಂದಣಿಯಾಗದ ಕೆಲಸಕ್ಕೆ ಅಂಕ ಕೊಡುವಂತಿರಲಿಲ್ಲ. ಸಂಜೆ ಕಸದ ಡಬ್ಬಿಗೆ ಸಮಾಧಾನಕರ ಬಹುಮಾನ ಬಂತು.

ಬಹುಮಾನ ಬಂದ ಹುಡುಗನನ್ನು ಅವನ ತಂದೆ ಕಾರಿನಲ್ಲಿ ಕರೆದುಕೊಂಡು ಹೋದರು. ನಾವಿಬ್ಬರೂ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕೂತ ಹುಡುಗಿ ಮಾಗಡಿ ರಸ್ತೆ ಬರುವ ಹೊತ್ತಿಗೆ ಅಳತೊಡಗಿದಳು. ಅವತ್ತು ಆಫೀಸಿನಲ್ಲೂ ಅಳದವಳು.

"ಪ್ರೈಜ್ ಬರ್ಲಿಲ್ಲ ಅಂತ ಬೇಜಾರಾ?" ಎಂದೆ.

ಮೂಗೊರೆಸಿಕೊಂಡು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಅಲ್ಲ ಮಿಸ್. ನಾನು ನೀರನ್ನ ನೋಡಿದೆ, ಡಬ್ಬಿ ನೋಡಿದೆ. ಆ ಗುಂಡಿ ಮಣ್ಣನ್ನ ಒಂದ್ಸಲನೂ ತೆಗ್ದು ನೋಡಿಲ್ಲ. ಆ ಪ್ರಶ್ನೆ ನನಗೇ ಬರ್ಬೇಕಿತ್ತು ಅಲ್ವಾ?"

ನನಗೆ ಎಂಥ ಹೆಮ್ಮೆಯಾಯಿತೆಂದರೆ, ಆ ನೂಕುನುಗ್ಗಲಿನ ಬಸ್ಸಿನಲ್ಲಿ ಅವಳನ್ನು ಅಪ್ಪಿಕೊಂಡುಬಿಟ್ಟೆ. ನಿಂತಿದ್ದ ಆಂಟಿಯೊಬ್ಬರು ಯಾರೋ ಹೋಗಿಬಿಟ್ಟಿದ್ದಾರೆ ಎಂದುಕೊಂಡು ನಮಗೆ ಸಮಾಧಾನ ಹೇಳಿದರು.

ಸೋಮವಾರ ನಾನೂ ಬೇಗ ಹೋದೆ. ಹುಡುಗಿ ಆಗಲೇ ಬಂದಿದ್ದಳು. ಒಂದು ಕೈಯಲ್ಲಿ ಊಟದ ಡಬ್ಬಿಯ ಖಾಲಿ ಮೇಲ್ಖಾನೆ, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಸ್ಟೀಲ್ ಸೌಟು. ಜಾಲರಿಯ ಹತ್ತಿರ ಕಾರ್ಯದರ್ಶಿಗಳು ಚಪ್ಪಲಿ ಬಿಟ್ಟು, ಬೋಗುಣಿ ಎತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು.

"ಸಾರ್, ಸ್ವಲ್ಪ ಆ ಕಡೆ ನಿಂತ್ಕೊಳ್ತೀರಾ? ಮಣ್ಣು ಬೇಕು."

ಅವರು ಕಣ್ಣು ಬಿಟ್ಟರು. ಯಾಕೆ, ಏನು ಎಂದು ಕೇಳಲು ಹೊರಟವರು ಅವಳು ಆಗಲೇ ಜಾಲರಿಯ ಬಾಗಿಲಿನ ಕೊಂಡಿ ತೆಗೆದು ಒಳಗೆ ಕೂತದ್ದನ್ನು ಕಂಡು, ಬೋಗುಣಿ ತುಳುಕದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದರು. ಹುಡುಗಿ ಸೌಟಿನಿಂದ ಮೇಲ್ಮಣ್ಣು ತೆಗೆದಳು, ಆಮೇಲೆ ಇನ್ನೂ ಆಳಕ್ಕೆ ಕೆದಕಿದಳು.

"ಅಲ್ಲಮ್ಮಾ, ಹಾಗಾದ್ರೆ ಇದನ್ನ ನಾನೆಲ್ಲಿ ಹಾಕ್ಲಿ?" ಎಂದು ಅವರು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ಅವರಿಗೆ ತೋಚಿರಲಿಲ್ಲ.

ಹುಡುಗಿ ತಲೆಯೆತ್ತಲಿಲ್ಲ.

"ಅದು ನನಗೆ ಗೊತ್ತಿಲ್ಲ ಸಾರ್. ನೀವೇ ಕಂಡುಹಿಡೀರಿ."